ತಾನೇ ನಿಂತ ಸ್ವೆಟರ್

ತಿಪ್ಪಜ್ಜಿಯ ಲೆಕ್ಕದಲ್ಲಿ ಬಟ್ಟೆಯೆಂದರೆ ನಿಲ್ಲಬೇಕು. ಯಾರ ಮನೆಗೆ ಹೊಸ ಬಟ್ಟೆ ಬಂದರೂ ನೆಲಕ್ಕೆ ಊರಿ ಕೈಬಿಡುತ್ತಿದ್ದಳು. ಕುಸಿದು ಬಿದ್ದರೆ ಮುಗಿಯಿತು ಅದರ ಮರ್ಯಾದೆ. "ನಿಂತ್ಕಂಡ್ರೆ ಕಂಬ್ಳಿ, ಬಿದ್ದೋದ್ರೆ ಚಿಂದಿ ಕಣವ್ವ" ಎನ್ನುತ್ತಿದ್ದಳು. ಅಮ್ಮನ ಮದುವೆ ಸೀರೆಗೂ ಈ ಪರೀಕ್ಷೆ ತಪ್ಪಿರಲಿಲ್ಲ.

ಅಜ್ಜಿ ಐಮಂಗಲದ ಕಡೆಯ ಕುರಿಗಾರರ ಮನೆಯ ಹೆಣ್ಣುಮಗಳು. ಗಂಡ ಕಂಬಳಿ ನೇಯುತ್ತಿದ್ದ. ಹುಣಸೆಬೀಜ ಅರೆದು, ಕುದಿಸಿ, ನೂಲಿಗೆ ಗಂಜಿ ಹಾಕುವುದು ಇವಳ ಪಾಲಿನ ಕೆಲಸ. ಆ ಗಂಜಿಯಿಂದಲೇ ಕಂಬಳಿ ಬಿರುಸಾಗಿ, ಮಳೆಯಲ್ಲಿ ಹೊದ್ದರೆ ನೀರು ಜಾರಿಹೋಗುತ್ತಿತ್ತು. ಗಂಡ ತೀರಿದ ಮೇಲೆ ಹಿರಿಯೂರಿಗೆ ಬಂದು ನಮ್ಮ ಪಕ್ಕದ ಮನೆಯಲ್ಲಿದ್ದಳು.

ಎಪ್ಪತ್ತರ ದಶಕದ ನಡುವೆ ನಾನು ಚಿತ್ರದುರ್ಗದಲ್ಲಿ ಟೀಚರ್ ಟ್ರೈನಿಂಗ್ ಮಾಡುತ್ತಿದ್ದೆ. ಕೈಕೆಲಸದ ಪರೀಕ್ಷೆಗೆ ನಾವೇ ಹೆಣೆದ ಉಡುಪೊಂದನ್ನು ಒಪ್ಪಿಸಬೇಕಿತ್ತು. ಹಿಂದಿನ ಸಲ ಅದರಲ್ಲೇ ಫೇಲಾಗಿದ್ದೆ. ಈ ಸಲವೂ ಹೋದರೆ ಟ್ರೈನಿಂಗ್ ಬಿಟ್ಟು ಮನೆ ಸೇರುವುದೇ. ಹಟಕ್ಕೆ ಬಿದ್ದು, ಮಂಡಿ ಮುಟ್ಟುವಷ್ಟು ಉದ್ದದ, ಮೈತುಂಬ ಉಬ್ಬು ಹೆಣಿಗೆಯ, ಮುಂದೆ ಗುಂಡಿ ಹಾಕುವ, ಎರಡು ಜೇಬಿನ ಸ್ವೆಟರ್ ಶುರುಮಾಡಿದೆ. ಮೂರು ತಿಂಗಳು, ರಜೆ ಸಿಕ್ಕಾಗಲೆಲ್ಲ ಮನೆಯ ಕಟ್ಟೆಯ ಮೇಲೆ ಕೂತು ಹೆಣೆದೆ. ಅಜ್ಜಿ ಪಕ್ಕದಲ್ಲಿ ಕೂತು ಉಲ್ಲನ್ ಉಂಡೆಯನ್ನು ಮೂಸುತ್ತಿದ್ದಳು.

"ಇದ್ಯಾವ ಕುರಿದವ್ವ? ಕುರಿ ವಾಸ್ನೆನೇ ಇಲ್ಲ."

"ಅಂಗಡಿದು ಅಜ್ಜಿ."

"ಅಂಗಡ್ಯಾಗೆ ಕುರಿ ಮೇಯ್ತವೇನು?"

ಜೇಬುಗಳು ಮಾತ್ರ ನನ್ನ ಜೀವ ತಿಂದವು. ಎಷ್ಟು ಸಲ ಬಿಚ್ಚಿ ಹೆಣೆದರೂ ಜೋತುಬೀಳುತ್ತಿದ್ದವು. "ಹಾಲು ಬತ್ತಿದ ಕುರಿ ಕೆಚ್ಚಲು ಇದ್ದಂಗೈತೆ" ಎಂದು ಅಜ್ಜಿ ನಕ್ಕಳು. ನನಗೂ ನಗು ಬಂತು.

ಪರೀಕ್ಷೆಗೆ ಎರಡು ದಿನ ಇತ್ತು. ಸ್ವೆಟರನ್ನು ಕಟ್ಟೆಯ ಮೇಲೆ ಬಿಟ್ಟು, ಗುಂಡಿ ತರಲೆಂದು ಬೆಳಿಗ್ಗೆ ಪೇಟೆಗೆ ಹೋದವಳು ಗೆಳತಿಯ ಮನೆಯಲ್ಲಿ ಉಂಡು ಮೂರು ಗಂಟೆಗೆ ಬಂದೆ. ಅಂಗಳದ ಬಿಸಿಲಿನಲ್ಲಿ ನನ್ನ ಸ್ವೆಟರ್ ನಿಂತಿತ್ತು. ಅದರೊಳಗೆ ಯಾರೂ ಇರಲಿಲ್ಲ. ಎರಡೂ ತೋಳು ಚಾಚಿಕೊಂಡು ತಾನೇ ನಿಂತಿತ್ತು. ಮುಟ್ಟಿದರೆ ಒಣಗಿದ ಹಪ್ಪಳ. ಪಕ್ಕದಲ್ಲಿ ಗಂಜಿಯ ಗಡಿಗೆ, ಅದರ ಹಿಂದೆ ಬೊಚ್ಚುಬಾಯಿ ತುಂಬ ನಗುತ್ತ ತಿಪ್ಪಜ್ಜಿ.

"ನೋಡವ್ವ, ನಿಂತ್ಕಂತು! ಇನ್ನು ಮಳೆಗೂ ಅಂಜಂಗಿಲ್ಲ."

ನಾನು ಕಿರುಚಿದೆ. "ಕಂಬ್ಳಿ ಬಿಟ್ಟು ಬ್ಯಾರೆ ಏನಾದ್ರೂ ಕಂಡಿದೀಯೇನು ನೀನು? ಕುರಿ ಕಾಯೋರ ಬುದ್ಧಿ ಕುರಿಗೇ ಸರಿ!"

ಅಜ್ಜಿಯ ನಗು ನಿಂತಿತು. ಸ್ವೆಟರನ್ನು ಕಂಕುಳಲ್ಲಿ ಇರುಕಿಕೊಂಡು ವೇದಾವತಿ ಹೊಳೆಗೆ ಹೋದಳು. ಅಂಟುವಾಳಕಾಯಿ ನೊರೆಯಲ್ಲಿ ಸಂಜೆಯವರೆಗೆ ತಿಕ್ಕಿ ತಂದಳು. ಬೆರಳತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಸ್ವೆಟರ್ ಮತ್ತೆ ಮೆತ್ತಗಾಗಿತ್ತು, ಆದರೆ ಎರಡು ಪದರದ ಜೇಬುಗಳಲ್ಲಿ ಗಂಜಿ ಉಳಿದಿತ್ತು.

"ಅದೊಂದು ಬಿಡ್ಲಿಲ್ಲವ್ವ" ಎಂದು ನನ್ನ ಮುಖ ನೋಡದೆ ಹೇಳಿ ಹೋದಳು.

ಪರೀಕ್ಷೆಯ ದಿನ ಮೇಡಂ ಸ್ವೆಟರನ್ನು ಎತ್ತಿ ಹಿಡಿದು, ಜೇಬಿಗೆ ಕೈಹಾಕಿ ಹಾಗೇ ನಿಂತರು.

"ಹೆಣೆದ ಜೇಬು ಜೋತುಬೀಳದೆ ಇರೋದನ್ನ ಇದೇ ಮೊದ್ಲು ನೋಡಿದ್ದು. ಹೆಂಗಮ್ಮ ಇದು?"

"ಹುಣಸೆಬೀಜದ ಗಂಜಿ, ಮೇಡಂ."

"ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ನಾನೇ ಯೋಚ್ನೆ ಮಾಡ್ದೆ."

ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಆ ಮಾತಿನ ಮೇಲೇ ಪಾಸಾದೆ.

ಊರಿಗೆ ಬಂದರೆ ಅಜ್ಜಿ ಕಟ್ಟೆಯ ಮೇಲೆ ಕಾದಿದ್ದಳು. "ಪಾಸಾದ್ಯೇನವ್ವ? ಜೇಬಿಗೆ ಬೈದ್ರಾ?"

"ಪಾಸಾದೆ. ಜೇಬಿಗೆ ಏನೂ ಅನ್ಲಿಲ್ಲ ಅಜ್ಜಿ."

"ಸದ್ಯ! ನನ್ನಿಂದ ನಿಂಗೆ ಕೆಡುಕಾಗ್ಲಿಲ್ಲ ಬಿಡು" ಎಂದು ನನ್ನ ಕೆನ್ನೆ ಸವರಿದಳು. ಆ ಜೇಬಿನಿಂದಲೇ ಪಾಸಾದೆನೆಂದು ನಾನು ಆಗಲೂ ಹೇಳಲಿಲ್ಲ.

ಆ ಬೇಸಿಗೆಯಲ್ಲಿ ಅಜ್ಜಿ ಐಮಂಗಲದಲ್ಲಿದ್ದ ತನ್ನ ತಮ್ಮನ ಮನೆಗೆ ಹೊರಟುಹೋದಳು. ನನಗೆ ಟೀಚರ್ ಕೆಲಸ ಸಿಕ್ಕ ಮೇಲೆ, ನಿಜ ಹೇಳಿಬಿಡೋಣವೆಂದು ಒಂದು ಭಾನುವಾರ ಐಮಂಗಲದಲ್ಲಿ ಬಸ್ಸಿಳಿದೆ. ಅವಳು ತೀರಿಹೋಗಿ ಹದಿನೈದು ದಿನವಾಗಿತ್ತು.

ಅಜ್ಜಿಯ ತಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸ್ವೆಟ್ರು ಹೆಣೆದ ಟೀಚ್ರು ನೀನೇ ಏನವ್ವ? ಅಕ್ಕ ಸಾಯೋವರ್ಗೂ ಊರಿಗೆಲ್ಲ ಹೇಳ್ತಿದ್ಲು. ‘ನಾನು ಕೆಡಿಸಿದ್ರೂ ನಮ್ಮ ಹುಡ್ಗಿ ಪಾಸಾತು, ಅದ್ರ ಕೈ ಅಂಥದ್ದು’ ಅಂತ."