ಗಿರಣಿಗೆ ಕೂರಿಸಿದ ಕಾರಿನ ಎಂಜಿನ್ನು

ಆವತ್ತು ಗಿರಣಿಯ ಹಿತ್ತಲಿನಲ್ಲಿ ಇದ್ದವರು ನನ್ನ ಅವ್ವ, ನಮ್ಮ ಅತ್ತಿಗೆ, ಹುಣಸೂರಿನಿಂದ ಬಂದಿದ್ದ ಮೆಕ್ಯಾನಿಕ್ ಸಾಬರು, ಮತ್ತೆ ನಾನು. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ; ವೀರನಹೊಸಹಳ್ಳಿ ಕಡೆಯ ನಮ್ಮೂರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಅಣ್ಣ ಬದುಕಿದ್ದಾಗ ಒಂದು ಹಳೆಯ ಪುಟ್ಟ ಕಾರು ತಂದು, ಅದರ ಎಂಜಿನ್ನು ಬಿಚ್ಚಿ ಹಿಟ್ಟಿನ ಗಿರಣಿಗೆ ಕೂರಿಸಿದ್ದ. ಅವನು ತೀರಿಕೊಂಡ ಮೇಲೆ ಗಿರಣಿ ನಡೆಸುತ್ತಿದ್ದವಳು ಅತ್ತಿಗೆಯೇ. ಕಾಡಂಚಿನ ಹಾಡಿಗಳಿಂದಲೂ ರಾಗಿ ಹೊತ್ತು ಬರುವವರು ಹೆಚ್ಚಿದರೆಂದು ದೊಡ್ಡ ಕಲ್ಲು ಹಾಕಿಸಿದಳು. ನಾಲ್ಕು ಜನರನ್ನು ಕೂರಿಸಿಕೊಂಡು ಓಡಲೆಂದು ಮಾಡಿದ ಎಂಜಿನ್ನು ಆ ಕಲ್ಲನ್ನು ಎಷ್ಟು ದಿನ ತಿರುಗಿಸೀತು? ಅದುರಿ ಅದುರಿ, ಬೋಲ್ಟು ಬಿಗಿಯುವ ಕಡೆ ಅದರ ಬ್ಲಾಕು, ಎಂದರೆ ಎಂಜಿನ್ನಿನ ಬೀಡು ಕಬ್ಬಿಣದ ಒಡಲು, ಬಿರುಕುಬಿಟ್ಟಿತು.

ಸುದ್ದಿ ಪಿರಿಯಾಪಟ್ಟಣದ ಅವಳ ತವರಿಗೂ ಮುಟ್ಟಿತು. ಗಿರಣಿಯೇ ನಿಂತ ಮೇಲೆ ಅಲ್ಲಿ ನಿನಗೇನು ಕೆಲಸ, ಸೋಮವಾರ ಗಾಡಿ ತರುತ್ತೇನೆ ಎಂದು ಅವಳ ಅಣ್ಣ ಹೇಳಿಕಳಿಸಿದ. ಅತ್ತಿಗೆ ಹುಣಸೂರಿನಿಂದ ಸಾಬರನ್ನು ಕರೆಸಿದಳು.

ಸಾಬರು ಬ್ಲಾಕನ್ನು ಬೆರಣಿಯ ಕೆಂಡದಲ್ಲಿ ಕಾಯಿಸಿ, ಜೊತೆಗೆ ತಂದಿದ್ದ ಗ್ಯಾಸಿನ ಬೆಂಕಿಯಲ್ಲಿ ಬಿರುಕಿಗೆ ಹಿತ್ತಾಳೆ ಕರಗಿಸಿ ತುಂಬಿ, ಕೆಂಡದಲ್ಲೇ ಬಿಟ್ಟು ಮೇಲೆ ಬೂದಿ ಮುಚ್ಚಿದರು. ಬೀಡು ಕಬ್ಬಿಣ ತಾನಾಗಿಯೇ ಆರಬೇಕು, ನೀರು ಬಿದ್ದರೆ ಸೀಳಿಹೋಗುತ್ತದೆ ಎಂದು ನಮಗೆಲ್ಲ ಹೇಳಿ, ಬ್ಲಾಕಿನ ಎರಡೂ ಬದಿಗೆ ಬಿಗಿಯುವ ದಪ್ಪ ಪಟ್ಟಿ ಮಾಡಿಸಲು ಕುಲುಮೆಗೆ ಹೋದರು.

ಗಾಳಿ ಎದ್ದದ್ದು ಆಮೇಲೆ. ಬೂದಿಯ ಅಡಿಯಿಂದ ಕಿಡಿಗಳು ಹಾರಿ ಕೊಟ್ಟಿಗೆಯ ಹುಲ್ಲಿನ ಸೂರಿನತ್ತ ಹೋದವು. ಒಂದೇ ಕಿಡಿಗೆ ಬೀದಿಗೆ ಬೀದಿಯೇ ಹೋದದ್ದನ್ನು ಅವ್ವ ಕಂಡವಳು. ಬೂದಿಗೆ ಸುರಿಯಲು ನೀರಿನ ಕೊಡ ಎತ್ತಿಕೊಂಡು ಬಂದೇಬಿಟ್ಟಳು. ಅತ್ತಿಗೆ ಅಡ್ಡ ನಿಂತಳು.

“ತಡೀರಿ ಅತ್ತೆಮ್ಮ.”

“ತಡೀರಿ ಅಂದ್ರೆ ಬೆಂಕಿ ತಡೀತದಾ? ಮನೆಗಿಂತ ಎಚ್ಚಾಯ್ತೇನಮ್ಮಿ ಆ ಕಬ್ಣ?”

“ಅದು ಸೀಳೋದ್ರೆ ಸ್ವಾಮಾರ ನಾನು ಗಾಡಿ ಅತ್ತಬೇಕು. ಉಯ್ಯಂಗಿದ್ರೆ ಉಯ್ಯಿರಿ,” ಎಂದು ಅತ್ತಿಗೆ ಪಕ್ಕಕ್ಕೆ ಸರಿದಳು.

ಅವ್ವ ಬೂದಿ ನೋಡಿದಳು, ಸೂರು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಏನ್ಲಾ ಕಣ್ ಬುಟ್ಕಂಡು ನಿಂತಿದ್ದೀಯ, ಏಣಿ ತತ್ತಾ” ಎಂದಳು. ಸಂಜೆಯವರೆಗೂ ಅತ್ತಿಗೆ ಬಾವಿಯಿಂದ ಸೇದುವುದು, ಅವ್ವ ಕೊಡ ಎತ್ತಿಕೊಡುವುದು, ನಾನು ಏಣಿಯ ಮೇಲಿಂದ ಸೂರು ತೋಯಿಸುವುದು, ಇದೇ ಆಯಿತು. ಬೂದಿಯ ಮೇಲೆ ಒಂದು ಹನಿ ಬೀಳಲಿಲ್ಲ. ವಾಪಸು ಬಂದ ಸಾಬರು ತೊಟ್ಟಿಕ್ಕುತ್ತಿದ್ದ ಕೊಟ್ಟಿಗೆ ನೋಡಿ, ಮಳೆ ನಿಮ್ಮ ಮನೆಗೆ ಮಾತ್ರ ಬಂತೇ ಎಂದು ಕೇಳಿದರು. ಅವ್ವನಿಗೆ ನಗು ಬರಲಿಲ್ಲ. ಕೊಡ ಎತ್ತಿ ಎತ್ತಿ ಅವಳ ತೋಳುಗಳು ಸೋತುಹೋಗಿದ್ದವು.

ಮರುದಿನ ಸಾಬರು ಬ್ಲಾಕನ್ನು ಹೊರತೆಗೆದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಸದ್ದಿಗೆ ಕಿವಿಗೊಟ್ಟು, ಪರವಾಗಿಲ್ಲ ಎಂದರು. ಪಟ್ಟಿಗಳನ್ನು ಬಿಗಿದರು. ಶನಿವಾರ ಗಿರಣಿ ತಿರುಗಿತು.

ಸೋಮವಾರ ಅವಳ ಅಣ್ಣ ಗಾಡಿ ಕಟ್ಟಿಕೊಂಡು ಬಂದ. ಅತ್ತಿಗೆ ಗಿರಣಿಯೊಳಗಿದ್ದಳು, ಎದುರಿಗೆ ಹೋದವಳು ಅವ್ವ. “ಅವ್ಳಿಗೆ ಪುರುಸೊತ್ತಿಲ್ಲ ಕಣಪ್ಪ. ಎತ್ತು ಬಿಚ್ಚು, ಉಂಡ್ಕಂಡು ಓಗೀವಂತೆ,” ಎಂದಳು. ಅವನು ಉಂಡ, ತಂಗಿಯನ್ನು ಮಾತಾಡಿಸಿದ, ಹೊತ್ತು ಇಳಿಯುವ ಮೊದಲು ಬರಿಗಾಡಿ ಹೊಡೆದುಕೊಂಡು ಹೋದ.