ಎರಡು ಮೈಕಿನ ಡಬ್ಬಿ

ಟ್ಯಾಬ್ಲೆಟ್ಟಿನಲ್ಲಿ ಸಂಗೀತ ಕೂಡಿಸುವ ಹುಚ್ಚು ನನಗೆ ಹಿಡಿದದ್ದು ನಲವತ್ತು ದಾಟಿದ ಮೇಲೆ. ಆ ವಯಸ್ಸಿನಲ್ಲಿ ಹಿಡಿದ ಹುಚ್ಚು ಸುಲಭಕ್ಕೆ ಬಿಡುವುದಿಲ್ಲವೆಂದು ನಿಮಗೂ ಗೊತ್ತು. ಗದಗಿನ ಅಂಗಡಿಯ ಗಾಜಿನ ಮೇಜಿನ ಮೇಲೆ ಅಂದು ನನ್ನೆದುರು ನನ್ನ ಹಣಕ್ಕೆ ಎಟುಕುವ ಎರಡು ಜೋಡಿಗಳಿದ್ದವು. ಬೆರಳು ಹಾಯಾಗಿ ಓಡಾಡುವ ಉದ್ದನೆಯ ಕೀಬೋರ್ಡ್ ಬೇಕೆಂದರೆ ಒಂದೇ ಮೈಕು ಸಿಕ್ಕಿಸುವ ಆಡಿಯೊ ಇಂಟರ್‌ಫೇಸ್. ಎರಡು ಮೈಕಿನದು ಬೇಕೆಂದರೆ ಎರಡೇ ಸಪ್ತಕದ, ಆಟಿಕೆಯಂಥ ಕೀಬೋರ್ಡ್. ಇಂಟರ್‌ಫೇಸ್ ಎಂದರೆ ಮತ್ತೇನಲ್ಲ, ಮೈಕಿನ ದನಿಯನ್ನು ಟ್ಯಾಬ್ಲೆಟ್ಟಿಗೆ ದಾಟಿಸುವ ಅಂಗೈಯಗಲದ ಡಬ್ಬಿ. ಹಾಡುವವಳು ಅವ್ವ ಒಬ್ಬಳೇ, ಎರಡನೆಯ ಮೈಕು ಯಾರಿಗೆಂದು ಉದ್ದನೆಯದನ್ನೇ ತಂದೆ. ಬೇಡವಾದರೆ ವಾರದೊಳಗೆ ಬದಲಿಸಿಕೊಡುವುದಾಗಿ ಅಂಗಡಿಯವರು ಹೇಳಿದ್ದರು.

ಬೆಟಗೇರಿಯ ನಮ್ಮ ಮನೆಯಲ್ಲಿ ಅವ್ವ ಮತ್ತು ಚಿಕ್ಕಪ್ಪನ ಹೆಂಡತಿಯಾದ ಚಿಕ್ಕವ್ವ ರಾಟಿಯ ಮುಂದೆ ಕುಳಿತು ನೂಲು ಸುತ್ತುತ್ತ ಸೋಬಾನೆ ಪದ ಹೇಳುತ್ತಿದ್ದರು. ಒಬ್ಬರು ಒಂದು ಸಾಲು ಹೇಳಿದರೆ ಇನ್ನೊಬ್ಬರು ಅದನ್ನೆತ್ತಿಕೊಂಡು ಮರಳಿ ಹೇಳಬೇಕು. ಅಷ್ಟರಲ್ಲಿ ಮೊದಲಿನವರು ಉಸಿರು ತಕ್ಕೊಳ್ಳಬೇಕು. ಚಿಕ್ಕಪ್ಪ ಲಕ್ಷ್ಮೇಶ್ವರಕ್ಕೆ ಮನೆ ಬದಲಿಸಿದ ಮೇಲೂ ಹಬ್ಬಕ್ಕೆ, ಮದುವೆಗೆ ಈ ಜೋಡಿ ಕೂಡುತ್ತಿತ್ತು. ಎರಡು ವರ್ಷದ ಹಿಂದೆ ಚಿಕ್ಕವ್ವನ ಮಗಳ ಮದುವೆಗೆಂದು ಅವ್ವ ಮೊಣಕಾಲು ನೋವಿನಲ್ಲೇ ಮಗ್ಗಕ್ಕೆ ಕುಳಿತು ಸೀರೆ ನೇಯ್ದಳು. ಮದುಮಗಳು ಅಕ್ಷತೆಗೆ ಉಟ್ಟು ಬಂದದ್ದು ಅಂಗಡಿಯ ಸೀರೆ. ನೇಕಾರರ ಮನೆಯಲ್ಲಿ ಜಗಳಕ್ಕೆ ಬೇರೆ ಮಾತು ಬೇಕಿಲ್ಲ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಮಾತು ಬಿಟ್ಟರು.

ದೂರದವರ ಮೇಲಿನ ಸಿಟ್ಟನ್ನು ನಾವು ಮರೆಯುತ್ತೇವೆ, ಗೆಳೆಯರೇ. ಹತ್ತಿರದವರ ಮೇಲಿನದನ್ನು ಮಾತ್ರ ಹಿತ್ತಲಿನ ಗಿಡಕ್ಕೆ ನೀರು ಹಾಕಿದಂತೆ ದಿನವೂ ಸಾಕುತ್ತೇವೆ. ಅವ್ವ ಆ ವಿಷಯದಲ್ಲಿ ಬಲು ಶಿಸ್ತಿನವಳು. ಮಗಳಾದ ನಾನು ಎರಡು ವರ್ಷ ನಡುವೆ ಬಾಯಿ ಹಾಕಲು ಹೆದರಿಕೊಂಡೇ ಇದ್ದೆ.

ಡಬ್ಬಿ ತಂದ ಸಂಜೆ ಮೈಕಿನ ಮುಂದೆ ಅವ್ವ ಮೊದಲ ಸಾಲು ಹೇಳಿ ಸುಮ್ಮನಾದಳು. ಮರೆತಳೇನೋ ಅಂದುಕೊಂಡೆ. ಇಲ್ಲ, ತುಟಿ ಅಲ್ಲಾಡುತ್ತಿತ್ತು; ಸರಿಯಾಗಿ ಒಂದು ಸಾಲಿನ ಹೊತ್ತು ಕಾದು ಮುಂದಿನದನ್ನು ಎತ್ತಿದಳು. ಪದ ಮುಗಿಯುವವರೆಗೂ ಹೀಗೆಯೇ. ಪರದೆಯ ಮೇಲೆ ಅವಳ ದನಿ ಏರಿಳಿಯುವ ಗೆರೆಯಾಗಿ ಮೂಡಿತ್ತು. ಚಿಕ್ಕವ್ವನ ಪಾಲಿಗೆ ಬಂದಲ್ಲೆಲ್ಲ ಗೆರೆ ಸಪಾಟಾಗಿತ್ತು. ಖಾಲಿ ಜಾಗಗಳನ್ನು ಕತ್ತರಿಸಿ ಸಾಲುಗಳನ್ನು ಕೂಡಿಸುವುದು ಎರಡು ಬೆರಳಿನ ಕೆಲಸ, ಆದರೆ ನನಗೆ ಕೈ ಬರಲಿಲ್ಲ. ಮನಸ್ಸಿಗೆ ಬಹಳ ಕೆಡುಕೆನಿಸಿತು.

ಮರುದಿನ ಟ್ಯಾಬ್ಲೆಟ್ ಹಿಡಿದುಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಚಿಕ್ಕವ್ವ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದಳು. ಅವಳ ಕಿವಿಗೆ ಹೆಡ್‌ಫೋನ್ ಹಾಕಿ ಪದ ಹಚ್ಚಿದೆ. ಮೊದಲ ಖಾಲಿ ಜಾಗ ಬಂದಾಗ ಅವಳ ಕೈ ನಿಂತಿತು. ಎರಡನೆಯದರಲ್ಲಿ ತನಗರಿವಿಲ್ಲದೆಯೇ ಸಾಲು ಎತ್ತಿದಳು. ಕೊನೆಯವರೆಗೂ ಒಂದನ್ನೂ ತಪ್ಪಿಸಲಿಲ್ಲ. ಮುಗಿದ ಮೇಲೆ ನನ್ನ ಮುಖ ನೋಡಿ ಕೇಳಿದಳು:

“ಅಕ್ಕನ ದನಿ ಯಾಕ ಇಷ್ಟು ಸಣ್ಣ ಆಗೇತಿ? ಆರಾಮ ಅದಾಳ ಇಲ್ಲೋ?”

“ನೀನ ಕೇಳು ಚಿಕ್ಕವ್ವ,” ಎಂದು ಅವ್ವನಿಗೆ ಫೋನ್ ಹಚ್ಚಿ ಅವಳ ಕೈಗೆ ಕೊಟ್ಟೆ.

ಹುಣಸೆಯ ಕೈಯನ್ನು ಸೆರಗಿಗೆ ಒರೆಸಿ ಅವಳು ಫೋನನ್ನು ಕಿವಿಗೆ ಹಿಡಿದಳು. ಆಮೇಲೆ ಅವ್ವ ಅತ್ತಲಿಂದ ಊಟ ಆಯಿತೇ ಎಂದು ಕೇಳಿರಬೇಕು, ಚಿಕ್ಕವ್ವ ಇನ್ನೂ ಇಲ್ಲವೆಂದಳು. ಬರುವ ಸೋಮವಾರ ಬೆಟಗೇರಿಗೆ ಬರುತ್ತೇನೆಂದಳು. ನಾನು ನೀರು ಕುಡಿಯುವ ನೆವದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಮನೆಗೆ ಮರಳಿದವಳೇ ಉದ್ದನೆಯ ಕೀಬೋರ್ಡನ್ನೂ ಅದರ ಡಬ್ಬಿಯನ್ನೂ ಕಟ್ಟಿಕೊಂಡು ಅಂಗಡಿಗೆ ಹೋದೆ. ಬದಲಿಸಿದರೆ ಕೀಬೋರ್ಡ್ ತೀರ ಸಣ್ಣದಾಗುತ್ತದೆಂದು ಅಂಗಡಿಯವರು ಮತ್ತೆ ಮತ್ತೆ ಎಚ್ಚರಿಸಿದರು.

“ಆಗಲಿ ಬಿಡ್ರಿ,” ಎಂದೆ, “ನಮ್ಮ ಮನ್ಯಾಗ ಹಾಡವರು ಇಬ್ಬರದಾರ.”