ಅತ್ತಿಗೆಯ ಕೈಗುಣ

ನನ್ನ ಗಂಡನ ಅಕ್ಕನನ್ನು ನಮ್ಮ ಬೀದಿಯಲ್ಲಿ ಎಲ್ಲರೂ ಸೂಜಿಯಕ್ಕ ಎನ್ನುತ್ತಾರೆ. ದರ್ಜಿ ಅಂಗಡಿಗಳಿಂದ ಬರುವ ಶರ್ಟುಗಳಿಗೆ ಕಾಜಾ ಹೊಲಿದು ಗುಂಡಿ ಹಾಕುವುದು ಅತ್ತಿಗೆಯ ಕೆಲಸ. ತಮ್ಮನಿಗೆ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚುವುದು ಅವರ ಅಧಿಕಾರ. ಮೊದಲನೆಯದಕ್ಕೆ ಕೂಲಿ ಸಿಗುತ್ತದೆ, ಎರಡನೆಯದಕ್ಕೆ ಹೆಸರು.

ಇವರಿಗೆ ಈ ಸಕ್ಕರೆ ಕಾಯಿಲೆ ಬಂದದ್ದು ಒಂಬತ್ತನೆಯ ವಯಸ್ಸಿನಲ್ಲಿ. ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋಗುವ ಜಾತಿಯದು, ಚುಚ್ಚಿಕೊಳ್ಳದಿದ್ದರೆ ಬದುಕಿಲ್ಲ. ತಾಯಿ ಆಗಲೇ ಇರಲಿಲ್ಲ. ತಂದೆ ಸೂಜಿ ಕಂಡರೆ ತಾವೇ ಕುರ್ಚಿ ಹುಡುಕುವವರು. ಅತ್ತಿಗೆ ಓದು ಬಿಟ್ಟು ಸೂಜಿ ಹಿಡಿದರು. ಈಗ ಇವರ ಮೀಸೆ ನರೆಯುತ್ತಿದೆ, ಒಂದು ಸಲವೂ ತಾವೇ ಚುಚ್ಚಿಕೊಂಡವರಲ್ಲ. ಊಟದ ಹೊತ್ತಿಗೆ ಸರಿಯಾಗಿ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ಅಂಗಿ ಎತ್ತುತ್ತಿದ್ದರು. ಹೊಕ್ಕುಳಿನ ಎಡಕ್ಕೆ ಸೂಜಿ ಹೋಗುತ್ತಿತ್ತು. ಇವರು ಪೇಪರ್ ಓದುತ್ತಲೇ ಇರುತ್ತಿದ್ದರು.

"ನಮ್ಮಕ್ಕ ಚುಚ್ಚಿದ್ರೆ ನೋವೇ ಗೊತ್ತಾಗಲ್ಲ," ಎಂದು ಕಂಡಕಂಡವರಿಗೆ ಹೇಳುವುದು. ಕೈಗುಣ ಅಂದರೆ ಅದು ಎಂದು ಬೀದಿಯವರೂ ಒಪ್ಪಿದ್ದರು. ಜ್ವರದ ಮಕ್ಕಳನ್ನು ಕರೆತಂದು ಅತ್ತಿಗೆಯ ಕೈಯಿಂದಲೇ ಮಾತ್ರೆ ಕೊಡಿಸಿಕೊಂಡು ಹೋಗುವವರಿದ್ದರು. ಮದುವೆಯಾದ ಹೊಸದರಲ್ಲಿ ಇದನ್ನೆಲ್ಲ ಕಂಡು ನನಗೆ ಹೊಟ್ಟೆ ಉರಿಯುತ್ತಿತ್ತು. ನನ್ನ ಕೈಗೆ ಬಂದರೆ ಹಾಲೂ ಒಡೆಯುತ್ತದೆ.

ಇವರು ಗಾಜಿನ ಅಂಗಡಿಯಲ್ಲಿ ಕನ್ನಡಿ ಕೊಯ್ಯುತ್ತಾರೆ. ಕಳೆದ ವರ್ಷದಿಂದ ಸಕ್ಕರೆ ಯಾರ ಮಾತನ್ನೂ ಕೇಳದಾಯಿತು. ಉಂಡ ಮೇಲೆ ಏರಿ ಕೂರುತ್ತಿತ್ತು. ಏರಿತೆಂದು ಇನ್ಸುಲಿನ್ ಹೆಚ್ಚಿಸಿದರೆ ಹೊತ್ತಲ್ಲದ ಹೊತ್ತಿನಲ್ಲಿ ದಡಕ್ಕನೆ ಇಳಿಯುತ್ತಿತ್ತು. ಒಂದು ದಿನ ಅಂಗಡಿಯಲ್ಲಿ ಆಳೆತ್ತರದ ಕನ್ನಡಿ ಹಿಡಿದು ನಿಂತಿದ್ದವರು ಬೆವರುತ್ತಾ ಗಿರಾಕಿಗೆ, "ಕನ್ನಡಿ ನೆಟ್ಟಗಿದೆ ಸ್ವಾಮಿ, ನಿಮ್ಮ ಮುಖಾನೇ ಸೊಟ್ಟ," ಎಂದರಂತೆ. ಆಮೇಲೆ ಕನ್ನಡಿಯ ಸಮೇತ ಬಿದ್ದರು. ಗಾಜು ಕತ್ತಿನ ಪಕ್ಕದಲ್ಲಿ ಗೀರಿತ್ತು. ಇನ್ನು ಸ್ವಲ್ಪ ಈಚೆಗಾಗಿದ್ದರೆ ನಾನು ಇದನ್ನು ಹೀಗೆ ಹೇಳುತ್ತಿರಲಿಲ್ಲ. ಹುಷಾರಾಗುವ ತನಕ ಗಾಜು ಮುಟ್ಟಬೇಡ ಎಂದು ಮಾಲೀಕರು ಕೈಗೆ ಪೊರಕೆ ಕೊಟ್ಟರು.

ಡಾಕ್ಟರಮ್ಮ ಇವರ ಹೊಟ್ಟೆಯ ಎಡಭಾಗ ಒತ್ತಿ ನೋಡಿ, ನನ್ನ ಕೈಯನ್ನೂ ಇಟ್ಟು ಒತ್ತಿಸಿದರು. ಒಳಗೆ ರಬ್ಬರಿನಂಥ ಗಂಟು.

"ವರ್ಷಗಟ್ಟಲೆ ಒಂದೇ ಕಡೆ ಚುಚ್ಚಿ ಹೀಗಾಗಿದೆ. ಇಲ್ಲಿ ಹಾಕಿದ ಇನ್ಸುಲಿನ್ ಬೇಗ ರಕ್ತಕ್ಕೆ ಸೇರಲ್ಲ, ಒಳಗೇ ಕೂತಿರುತ್ತೆ. ಬೇಕಾದಾಗ ಬರಲ್ಲ, ಬೇಡವಾದಾಗ ಬರುತ್ತೆ."

ನನಗೆ ನಮ್ಮ ಚಿಕ್ಕಪ್ಪನ ನೆನಪಾಯಿತು.

"ಆದ್ರೆ ಅಲ್ಲಿ ಇವರಿಗೆ ನೋವೇ ಆಗಲ್ವಲ್ಲ?"

"ಗಂಟು ಕಟ್ಟಿದ ಜಾಗ ಅಷ್ಟಾಗಿ ನೋಯಲ್ಲಮ್ಮ. ಅದಕ್ಕೇ ಮತ್ತೆ ಮತ್ತೆ ಅಲ್ಲೇ ಚುಚ್ತಾರೆ."

ಇನ್ನು ಪ್ರತಿ ಸಲ ಜಾಗ ಬದಲಿಸಬೇಕು, ಒಳ್ಳೆಯ ಜಾಗದಲ್ಲಿ ಔಷಧಿ ಚುರುಕಾಗಿ ಹಿಡಿಯುವುದರಿಂದ ಪ್ರಮಾಣವನ್ನೂ ಇಳಿಸಬೇಕು ಎಂದು ಹೇಳಿ, ಎಷ್ಟೆಂದು ಬರೆದುಕೊಟ್ಟರು.

"ಅಕ್ಕನಿಗೆ ಹೇಳ್ಬೇಡ," ಎಂದರು ಇವರು ದಾರಿಯಲ್ಲಿ.

"ಮತ್ತೆ ಏನ್ ಮಾಡ್ತೀರಿ?"

"ಏನೋ ಒಂದು."

ಆ ಏನೋ ಒಂದು ಏನೆಂದರೆ, ಮನೆಗೆ ಬಂದು ಸ್ಟೂಲಿನ ಮೇಲೆ ಕೂತು, ಎಂದಿನಂತೆ ಅಂಗಿ ಎತ್ತಿ ಪೇಪರ್ ಬಿಚ್ಚಿದ್ದು. ಸೂಜಿ ಗಂಟಿನ ಹತ್ತಿರ ಬಂದಾಗ ನಾನು ಬಾಯಿಬಿಟ್ಟೆ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ.

ಅತ್ತಿಗೆ ಹೆಬ್ಬೆರಳಿನಿಂದ ಗಂಟನ್ನು ಒತ್ತಿ ನೋಡಿದರು. "ಒಂದೇ ಕಡೆ ಸೂಜಿ ಆಡಿಸಿದ್ರೆ ಬಟ್ಟೇನೇ ಪಿಸಿದುಹೋಗುತ್ತೆ. ಇದು ಮೈ," ಎಂದರು. ಆಮೇಲೆ, "ಹಾಗಾದ್ರೆ ಕೈಗುಣ ಗೀಗುಣ ಏನೂ ಇರ್ಲಿಲ್ಲ. ತಗೊಳಮ್ಮ, ಇನ್ಮೇಲೆ ನೀನೇ ಹಾಕು," ಎಂದು ಸಿರಿಂಜನ್ನು ನನ್ನ ಕೈಗೆ ಕೊಟ್ಟರು.

ನಾನು ಇವರ ತೊಡೆಗೆ ಚುಚ್ಚಿದೆ. ಸೂಜಿ ಓರೆಯಾಗಿ ರಕ್ತ ಬಂತು. ಇವರು ತುಟಿ ಪಿಟಕ್ಕೆನ್ನಲಿಲ್ಲ. ಕೆಲವೇ ವಾರಗಳಲ್ಲಿ ಸಕ್ಕರೆ ಹೇಳಿದ ಮಾತು ಕೇಳತೊಡಗಿತು, ಮಾಲೀಕರು ಪೊರಕೆ ವಾಪಸು ತೆಗೆದುಕೊಂಡರು.

ಕೆಟ್ಟದ್ದು ಅತ್ತಿಗೆಯ ಕಥೆ. ಕಾಜಾಗಳು ಸೊಟ್ಟಗಾದವು. ದರ್ಜಿಯೊಬ್ಬ ಶರ್ಟಿನ ಗಂಟನ್ನೇ ತಿರುಗಿಸಿ ಕಳಿಸಿದ. ಜ್ವರದ ಮಗುವನ್ನು ತಂದವಳಿಗೆ, "ನನ್ನ ಕೈಯಲ್ಲಿ ಏನೂ ಇಲ್ಲಮ್ಮ, ಡಾಕ್ಟರ ಹತ್ರ ಹೋಗು," ಎಂದರು. ಅದೇ ಸರಿಯಾದ ಮಾತು. ಆದರೂ ಅವರ ಬಾಯಲ್ಲಿ ಅದನ್ನು ಕೇಳಿ ನನಗೆ ಸಂಕಟವಾಯಿತು. ನಾನು ಸಿರಿಂಜ್ ತೆಗೆದರೆ ಅವರು ಎದ್ದು ಹಿತ್ತಲಿಗೆ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಇವರು ನನ್ನ ಕೈಯಿಂದ ಸಿರಿಂಜ್ ತೆಗೆದುಕೊಂಡು ನೇರ ಹಿತ್ತಲಿಗೆ ಹೋಗಿ, ಅಕ್ಕನ ಎದುರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು.

"ಹಾಕು."

"ನೋಯುತ್ತೆ ಕಣೋ."

"ನೋಯ್ಲಿ. ನೀನೇ ಹಾಕು."

ಅತ್ತಿಗೆ ಒಳಗೆ ಹೋಗಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಂದು, ಇವರ ಹೊಟ್ಟೆಯ ಬಲಭಾಗದಲ್ಲಿ ಸಾಲಾಗಿ ಚೌಕ ಬರೆದರು. ಒಂದರಲ್ಲಿ ಒರೆಸಿ ಚುಚ್ಚಿದರು.

"ಅಯ್ಯಯ್ಯೋ ಅಕ್ಕಾ!" ಎಂದು ಇವರು ಚೀರಿದ್ದಕ್ಕೆ ಪಕ್ಕದ ಮನೆಯ ಕಿಟಕಿ ತೆರೆಯಿತು.

"ತುಂಬಾ ನೋವಾಯ್ತೇನೋ?" ಅತ್ತಿಗೆಯ ಕಣ್ಣು ತುಂಬಿತ್ತು. ಚುಚ್ಚಿದ ಕೈಯಿಂದಲೇ ಇವರ ತಲೆ ಸವರುತ್ತಿದ್ದರು.

"ತುಂಬಾ," ಎಂದರು ಇವರು, ಮೂಗೆಳೆಯುತ್ತಾ.

ನಾನು ಅಷ್ಟು ದಿನ ದನಕ್ಕೆ ಚುಚ್ಚುವ ಹಾಗೆ ಚುಚ್ಚಿದ್ದೆ. ಆಗೆಲ್ಲ ಕಲ್ಲಿನ ಹಾಗೆ ಕೂತಿದ್ದರು. ಈ ಮನುಷ್ಯನಿಗೆ ಅಕ್ಕನ ಮುಂದೆ ಮಾತ್ರ ನೋಯುತ್ತದೆ.